ತೆರೆದಿದ್ದ ಕಬ್ಬಿಣದ ಬಾಗಿಲು: ಲಂಡನ್ನಿನಲ್ಲಿ ಹತ್ತು ದಿನ

ಗುರುವಾರ, ಜೂನ್ 20

ಹುಬ್ಬಳ್ಳಿಯಲ್ಲಿ ನಾನು ಮೂವತ್ತನಾಲ್ಕು ವರ್ಷ ಬೆಂಕಿ ವಿಮೆಯ ಕೆಲಸ ಮಾಡಿದೆ. ಹತ್ತಿ ಜಿನ್ನು, ಎಣ್ಣೆ ಗಿರಣಿ, ಬ್ಯಾಡಗಿ ಮೆಣಸಿನಕಾಯಿ ಗೋದಾಮು, ಚುರುಮುರಿ ಭಟ್ಟಿ, ಹೀಗೆ ಬೆಂಕಿ ಹತ್ತಬಹುದಾದ ಜಾಗಗಳಲ್ಲೇ ಓಡಾಡಿದೆ. ಪಾಲಿಸಿ ಕೊಡುವ ಮುಂಚೆ ಒಮ್ಮೆ ಹೋಗುವುದು, ಸುಟ್ಟ ಮೇಲೆ ನಷ್ಟ ಅಳೆಯುವ ಸರ್ವೇಯರ್ ಜೊತೆ ಇನ್ನೊಮ್ಮೆ ಹೋಗುವುದು. ಇಲಾಖೆಯ ಪರೀಕ್ಷೆಗೆ ಓದುವಾಗ 1861ರ ಲಂಡನ್ ಬೆಂಕಿಯ ಬಗ್ಗೆ ಎರಡೇ ಸಾಲು ಓದಿದ್ದೆ. ಟೂಲಿ ಸ್ಟ್ರೀಟ್ ಎಂಬ ಬೀದಿಯ ಗೋದಾಮುಗಳು ಸುಟ್ಟವು, ಅದರಿಂದ ಕಂಪನಿಗಳು ದರ ಏರಿಸಿದವು, ಅಷ್ಟೇ. ಆ ಎರಡು ಸಾಲು ತಲೆಯಿಂದ ಹೋಗಲೇ ಇಲ್ಲ.

ಮಗಳು ಲಂಡನ್ನಿನ ಕ್ರಾಯ್ಡನ್‌ನಲ್ಲಿದ್ದಾಳೆ. ಈ ವರ್ಷ, ಅಂದರೆ 2024ರಲ್ಲಿ, ಬೇಸಿಗೆಗೆ ಬನ್ನಿ ಅಂದಳು. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಆ ಬೆಂಕಿ ಹತ್ತಿದ್ದು 1861ರ ಜೂನ್ 22, ಶನಿವಾರ. ಈ ಸಲವೂ ಜೂನ್ 22 ಶನಿವಾರವೇ! ಆ ದಿನ ನಾನು ಅಲ್ಲೇ ನಿಂತಿರಬೇಕು ಅನ್ನಿಸಿತು. ಟಿಕೆಟ್ ಹಾಗೇ ತೆಗೆಸಿದೆ.

"ಅಲ್ರೀ, ಎಲ್ರೂ ಲಂಡನ್ನಿಗೆ ಅರಮನಿ ನೋಡಾಕ ಬರ್ತಾರ. ನೀವು ಸುಟ್ಟ ಗೋದಾಮು ನೋಡಾಕ ಬಂದೀರಲ್ಲ" ಅಂದಳು ನನ್ನವಳು, ರೈಲಿನಲ್ಲಿ. ಆದರೂ ಜೊತೆಗೇ ಬಂದಳು. ಮೊಮ್ಮಗ ಶಾಲೆಗೆ ಹೋಗಿದ್ದ. ನಾವಿಬ್ಬರೇ.

ಮೊದಲು ನೋಡಿದ್ದು 'ಮಾನ್ಯುಮೆಂಟ್' ಕಂಬವನ್ನು. 1666ರಲ್ಲಿ ಲಂಡನ್ ಐದು ದಿನ ಸುಟ್ಟಿತಲ್ಲ, ಅದರ ನೆನಪಿಗೆ ನಿಲ್ಲಿಸಿದ್ದು. ಎತ್ತರ 202 ಅಡಿ, ಮೆಟ್ಟಿಲು 311. ನನ್ನ ಮೊಣಕಾಲು ಅಷ್ಟಕ್ಕೆ ಒಪ್ಪಲಿಲ್ಲ, ಕೆಳಗೇ ನಿಂತು ನೋಡಿದೆ. ಆ ಬೆಂಕಿಯಲ್ಲಿ 13,200 ಮನೆ ಹೋದವು ಅನ್ನುತ್ತಾರೆ. ಆಗ ಮನೆಗೆ ಬೆಂಕಿ ವಿಮೆ ಅನ್ನುವುದೇ ಇರಲಿಲ್ಲ. ಮನೆ ಸುಟ್ಟವರು ಬೀದಿಗೆ ಬಿದ್ದರು. ನಿಕೊಲಸ್ ಬಾರ್ಬನ್ ಎಂಬ ವೈದ್ಯ ಸುಟ್ಟ ಜಾಗದಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದ. 1680ರ ಹೊತ್ತಿಗೆ ಅವನೇ ಮನೆಗಳಿಗೆ ಬೆಂಕಿ ವಿಮೆ ಮಾರಲು ಶುರು ಮಾಡಿದ. ಆಮೇಲೆ 1696ರಲ್ಲಿ ಹ್ಯಾಂಡ್-ಇನ್-ಹ್ಯಾಂಡ್, 1710ರಲ್ಲಿ ಸನ್ ಫೈರ್ ಆಫೀಸ್, 1782ರಲ್ಲಿ ಫೀನಿಕ್ಸ್. ಫೀನಿಕ್ಸ್ ಹುಟ್ಟಿಸಿದವರು ಸಕ್ಕರೆ ಕಾರ್ಖಾನೆಯವರು. ಅವರ ಕಾರ್ಖಾನೆಗಳಿಗೆ ಬೇಗ ಬೆಂಕಿ ಹತ್ತುತ್ತದೆಂದು ಉಳಿದವರು ಜಾಸ್ತಿ ದರ ಕೇಳುತ್ತಿದ್ದರು. ಹಾಗಾಗಿ ತಮ್ಮದೇ ಕಂಪನಿ ಮಾಡಿಕೊಂಡರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮಧ್ಯಾಹ್ನ ಸೇಂಟ್ ಮಾರ್ಟಿನ್ಸ್ ಲೇನ್ ಪಕ್ಕದ ಗುಡ್‌ವಿನ್ಸ್ ಕೋರ್ಟ್ ಎಂಬ ಸಣ್ಣ ಸಂದಿಗೆ ಹೋದೆವು. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟು ಇಕ್ಕಟ್ಟು. ಹಳೆ ಮನೆಗಳ ಗೋಡೆ ಮೇಲೆ ಫೈರ್ ಮಾರ್ಕುಗಳು, ಅಂದರೆ ವಿಮೆ ಮಾಡಿಸಿದ ಮನೆಯ ಗುರುತುಗಳು, ಇನ್ನೂ ಇವೆ. ಕೈಯಗಲದ ಲೋಹದ ತಗಡು, ಅದರ ಮೇಲೆ ಕಂಪನಿಯ ಗುರುತು. ಸನ್ ಕಂಪನಿಯದು ಮುಖ ಇರುವ ಸೂರ್ಯ. ಹ್ಯಾಂಡ್-ಇನ್-ಹ್ಯಾಂಡ್‌ನದು ಹಿಡಿದುಕೊಂಡ ಕೈಗಳು. ಹಳೆಯ ತಗಡುಗಳಲ್ಲಿ ಪಾಲಿಸಿ ನಂಬರನ್ನೂ ಹೊಡೆದಿರುತ್ತಿದ್ದರು.

ನಮ್ಮ ಮನೆ ಬಾಗಿಲ ಮೇಲೆ ಗಣಪತಿ ಇರುತ್ತಾನಲ್ಲ, ಹಾಗೆಯೇ ಕಂಡಿತು ನನಗೆ. ಈ ಗುರುತು ಇಲ್ಲದ ಮನೆ ಉರಿಯುತ್ತಿದ್ದರೆ ಕಂಪನಿಯ ಬೆಂಕಿ ಆರಿಸುವವರು ಕೈಕಟ್ಟಿ ನೋಡುತ್ತಿದ್ದರು ಅನ್ನುವ ಕಥೆಯನ್ನು ನಮಗೆ ತರಬೇತಿಯಲ್ಲೂ ಹೇಳಿದ್ದರು. ಅದು ನಿಜವಲ್ಲ. ಸುಮ್ನೆ ಯೋಚಿಸಿ, ಗುರುತಿಲ್ಲದ ಮನೆ ಉರಿದರೆ ಪಕ್ಕದ ಗುರುತಿರುವ ಮನೆಗೂ ಹತ್ತುತ್ತದೆ ಅಲ್ವಾ? ಆರಿಸದೆ ಬಿಟ್ಟರೆ ಕಂಪನಿಗೇ ನಷ್ಟ.

ಒಂದೊಂದು ಕಂಪನಿಗೂ ಅದರದೇ ಪಂಪು, ಅದರದೇ ಬಣ್ಣದ ಅಂಗಿ ಹಾಕಿದ ಜನ. ಅವರಲ್ಲಿ ಬಹಳಷ್ಟು ಮಂದಿ ಥೇಮ್ಸ್ ನದಿಯ ದೋಣಿಯವರು. 1833ರಲ್ಲಿ ಹತ್ತು ಕಂಪನಿಗಳು ಸೇರಿ ಒಂದೇ ದಳ ಮಾಡಿದವು. ಅದರ ಹೆಸರು ಲಂಡನ್ ಫೈರ್ ಎಂಜಿನ್ ಎಸ್ಟಾಬ್ಲಿಷ್‌ಮೆಂಟ್. 80 ಜನ, 13 ಠಾಣೆ. ಅಷ್ಟು ದೊಡ್ಡ ಊರಿಗೆ 80 ಜನ! ಖರ್ಚು ಪೂರ್ತಿ ವಿಮಾ ಕಂಪನಿಗಳದ್ದು, ಸರ್ಕಾರದ್ದು ಒಂದು ಕಾಸಿಲ್ಲ. ಅದನ್ನು ನಡೆಸಲು ಎಡಿನ್‌ಬರೊದಿಂದ ಜೇಮ್ಸ್ ಬ್ರೇಡ್‌ವುಡ್ ಎಂಬುವರನ್ನು ಕರೆಸಿಕೊಂಡರು. ಈ ಪ್ರವಾಸ ಮಾಡಿದ್ದು ಅವರಿಗೋಸ್ಕರವೇ ಅಂದರೂ ತಪ್ಪಿಲ್ಲ.

ಶುಕ್ರವಾರ, ಜೂನ್ 21

ವಿಶ್ರಾಂತಿ. ಮನೆಯಲ್ಲೇ ಇದ್ದು ಬ್ರೇಡ್‌ವುಡ್ ಬಗ್ಗೆ ಬರೆದಿಟ್ಟುಕೊಂಡಿದ್ದ ಟಿಪ್ಪಣಿ ಓದಿದೆ.

ಅವರು ಹುಟ್ಟಿದ್ದು 1800ರಲ್ಲಿ. ತಂದೆಯದು ಮರ ಮತ್ತು ಕಟ್ಟಡದ ಕೆಲಸ. ಮಗ ಕಟ್ಟಡದ ಸರ್ವೇಯರ್ ಕೆಲಸ ಕಲಿತ. ಕಟ್ಟಡ ಹೇಗೆ ನಿಲ್ಲುತ್ತದೆ, ಯಾವ ತೊಲೆ ಯಾವ ಭಾರ ಹೊರುತ್ತದೆ ಅನ್ನುವುದು ಗೊತ್ತಿದ್ದ ಮನುಷ್ಯ. 1824ರಲ್ಲಿ ಎಡಿನ್‌ಬರೊದಲ್ಲಿ ಊರಿನದೇ ಆದ ಅಗ್ನಿಶಾಮಕ ದಳ ಕಟ್ಟಿದಾಗ ಅದರ ಮುಖ್ಯಸ್ಥರಾದರು. ವಯಸ್ಸು ಇಪ್ಪತ್ತನಾಲ್ಕು! ದಳಕ್ಕೆ ಗೌಂಡಿಗಳನ್ನು, ಬಡಗಿಗಳನ್ನು, ಮಾಡು ಹೊದಿಸುವವರನ್ನು ಆರಿಸಿ ತೆಗೆದುಕೊಂಡರು. ಕಟ್ಟಡ ಗೊತ್ತಿದ್ದವನೇ ಉರಿಯುವ ಕಟ್ಟಡದೊಳಗೆ ಹೋಗಬಲ್ಲ ಅನ್ನುವುದು ಅವರ ಲೆಕ್ಕ. ಬೀದಿಯಲ್ಲಿ ನಿಂತು ಕಿಟಕಿಗೆ ನೀರು ಹೊಡೆದರೆ ಪ್ರಯೋಜನವಿಲ್ಲ, ಒಳಗೆ ನುಗ್ಗಿ ಬೆಂಕಿಯ ಬುಡಕ್ಕೆ ನೀರು ಹಾಕಬೇಕು ಅಂತ ಕಲಿಸಿದರು. ಒಬ್ಬನೇ ಒಳಗೆ ಹೋಗಬಾರದು, ಜೊತೆಗೆ ಇನ್ನೊಬ್ಬ ಇರಲೇಬೇಕು ಅನ್ನುವುದೂ ಅವರ ನಿಯಮ.

1834ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಸುಟ್ಟಿತು. ಕಟ್ಟಡಕ್ಕೆ ವಿಮೆ ಇರಲಿಲ್ಲ. ಆದರೂ ಬ್ರೇಡ್‌ವುಡ್ ತಮ್ಮ ಜನರನ್ನು ಕರೆದುಕೊಂಡು ಹೋದರು. ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿದುಕೊಂಡಿತು. 1838ರ ಜನವರಿಯಲ್ಲಿ ವ್ಯಾಪಾರಿಗಳು ಸೇರುತ್ತಿದ್ದ ರಾಯಲ್ ಎಕ್ಸ್‌ಚೇಂಜ್ ಕಟ್ಟಡ ಸುಟ್ಟಿತು. ಆ ರಾತ್ರಿ ಎಷ್ಟು ಚಳಿ ಅಂದರೆ ಪಂಪಿನ ನೀರು ಹೆಪ್ಪುಗಟ್ಟಿತ್ತು. ಅಲ್ಲೂ ಅವರೇ ಇದ್ದರು.

ದೊಡ್ಡ ಗೋದಾಮುಗಳ ಬಗ್ಗೆ ಬ್ರೇಡ್‌ವುಡ್ ಪದೇ ಪದೇ ಎಚ್ಚರಿಕೆ ಕೊಟ್ಟಿದ್ದರು. ಇಷ್ಟು ದೊಡ್ಡದರಲ್ಲಿ ಬೆಂಕಿ ಹತ್ತಿದರೆ ನನ್ನ ದಳದ ಕೈಯಲ್ಲಿ ಆಗುವುದಿಲ್ಲ ಅಂದಿದ್ದರು. ಎರಕದ ಕಬ್ಬಿಣದ ಕಂಬಗಳನ್ನು ನಂಬಬೇಡಿ, ಕಾದ ಮೇಲೆ ಅವು ಕೈಕೊಡುತ್ತವೆ ಅಂತಲೂ ಹೇಳಿದ್ದರು. 1855ರ ಕಾನೂನು ಗೋದಾಮಿನ ಒಂದು ಭಾಗ 2,16,000 ಘನ ಅಡಿ ಮೀರಬಾರದು ಅಂದಿತು. ಒಂದೊಂದು ಭಾಗಕ್ಕೂ ನಡುವೆ ದಪ್ಪ ಗೋಡೆ, ಗೋಡೆಯಲ್ಲಿ ಕಬ್ಬಿಣದ ಬಾಗಿಲು. ಕಾಗದದ ಮೇಲೆ ಎಲ್ಲವೂ ಸರಿ ಇತ್ತು.

ಶನಿವಾರ, ಜೂನ್ 22

ಅಳಿಯ, ಮಗಳು, ಮೊಮ್ಮಗ, ನಾವಿಬ್ಬರು, ಎಲ್ಲರೂ ಹೊರಟೆವು. ಈಸ್ಟ್ ಕ್ರಾಯ್ಡನ್‌ನಿಂದ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ಲಂಡನ್ ಬ್ರಿಜ್. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗಿರುವುದೇ ಟೂಲಿ ಸ್ಟ್ರೀಟ್! ನಾನು ಮೂವತ್ತು ವರ್ಷ ತಲೆಯಲ್ಲಿ ಕಟ್ಟಿಕೊಂಡಿದ್ದ ಬೀದಿಗೆ ಇಷ್ಟು ಸಲೀಸಾಗಿ ಬಂದುಬಿಟ್ಟೆನಲ್ಲ ಅನ್ನಿಸಿತು.

ಬಿಸಿಲು ಚೆನ್ನಾಗಿತ್ತು. ಜನವೋ ಜನ. ಮೊದಲು ಹೇಸ್ ಗ್ಯಾಲೆರಿಯಾಕ್ಕೆ ಹೋದೆವು. ಈಗ ಅದು ಗಾಜಿನ ಮಾಡಿನ ಕೆಳಗಿರುವ ಅಂಗಡಿ, ಹೋಟೆಲುಗಳ ಜಾಗ. ಆಗ ಅದು ಹೇಸ್ ವಾರ್ಫ್. ದೋಣಿಗಳು ಸೀದಾ ಕಟ್ಟಡದ ನಡುವಿಗೇ ಬಂದು ಸರಕು ಇಳಿಸುತ್ತಿದ್ದವು. ಲಂಡನ್ನಿನ ಉಗ್ರಾಣ ಅಂತ ಆ ದಂಡೆಯನ್ನು ಕರೆಯುತ್ತಿದ್ದರು. ಅದರ ಪಕ್ಕದ್ದೇ ಕಾಟನ್ಸ್ ವಾರ್ಫ್. ಅಲ್ಲಿ ಈಗ ಕಾಟನ್ಸ್ ಸೆಂಟರ್ ಎಂಬ ಆಫೀಸು ಕಟ್ಟಡ ಇದೆ. ಬೆಂಕಿ ಹುಟ್ಟಿದ್ದು ಅಲ್ಲಿ.

ಐದು ಗಂಟೆಗೆ ನಾನು ನದಿಯ ಕಡೆ ಕಟಕಟೆ ಹಿಡಿದು ನಿಂತೆ.

ಅಂದೂ ಹೆಚ್ಚುಕಡಿಮೆ ಇದೇ ಹೊತ್ತು. ಶನಿವಾರ ಸಂಜೆ, ಕೆಲಸ ಮುಗಿಯುವ ಸಮಯ. ಒಳಗೆ ಏನೇನಿತ್ತು ಅಂತ ಓದಿದರೆ ನಮ್ಮಂಥವರಿಗೆ ಎದೆ ಝಲ್ಲೆನ್ನುತ್ತದೆ. ಹೆಂಪ್ ನಾರು, ಸೆಣಬು, ಹತ್ತಿ, ಸಕ್ಕರೆ, ಎಣ್ಣೆ, ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪು, ಪೀಪಾಯಿಗಟ್ಟಲೆ ಪ್ರಾಣಿ ಕೊಬ್ಬು. ಇವುಗಳಲ್ಲಿ ಯಾವುದೇ ಎರಡನ್ನು ಒಂದೇ ಮಾಡಿನ ಕೆಳಗೆ ಇಟ್ಟಿದ್ದರೂ ನಾನು ವರದಿಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ಬೆಂಕಿ ತಾನಾಗಿಯೇ ಹುಟ್ಟಿತು ಅನ್ನುವುದು ಅಂದಿನವರ ನಂಬಿಕೆ. ಹತ್ತಿ, ನಾರು ಒತ್ತೊತ್ತಾಗಿ ಬಿದ್ದಿದ್ದರೆ, ಅದರಲ್ಲೂ ತೇವ ಅಥವಾ ಎಣ್ಣೆ ತಗುಲಿದ್ದರೆ, ಒಳಗೊಳಗೇ ಕಾವು ಏರುತ್ತದೆ. ಹೊರಗೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಕೆಂಡ ಆಗಿರುತ್ತದೆ. ನಮ್ಮ ಕಡೆ ಹತ್ತಿ ಬೇಲುಗಳಲ್ಲಿ ನಾನೇ ಇದನ್ನು ಕಂಡಿದ್ದೇನೆ. ನಮ್ಮ ಕಾಲದ ಪಾಲಿಸಿಯಲ್ಲಿ ಇದಕ್ಕೆ ಪ್ರತ್ಯೇಕ ಪ್ರೀಮಿಯಂ ಕಟ್ಟಿಸಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಕ್ಲೈಮ್ ಸಿಗುತ್ತಿರಲಿಲ್ಲ.

ಕೋಣೆ ಕೋಣೆಯ ನಡುವೆ ಕಬ್ಬಿಣದ ಬಾಗಿಲು ಇತ್ತು. ಬಾಗಿಲು ತೆರೆದೇ ಇತ್ತು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. 1991ರಲ್ಲಿ ನಮ್ಮ ಕಡೆಯ ಒಂದು ಹತ್ತಿ ಗೋದಾಮು ಸುಟ್ಟಿತು. ಎರಡು ಕೋಣೆ, ನಡುವೆ ಗೋಡೆ, ಗೋಡೆಗೆ ಕಬ್ಬಿಣದ ಬಾಗಿಲು. ಅದನ್ನು ನೋಡಿಯೇ ನಾನು ದರ ಕಡಿಮೆ ಹಾಕಿದ್ದೆ. ಬೇಲು ಎಳೆಯುವಾಗ ಅಡ್ಡ ಬರುತ್ತದೆಂದು ಆ ಬಾಗಿಲನ್ನು ಹಗ್ಗದಿಂದ ಗೋಡೆಯ ಗೂಟಕ್ಕೆ ಕಟ್ಟಿಬಿಟ್ಟಿದ್ದರು. ತಿಂಗಳುಗಟ್ಟಲೆ ಹಾಗೇ ಇತ್ತಂತೆ. ರಾತ್ರಿ ಬೆಂಕಿ ಬಿತ್ತು. ವಾಚ್‌ಮನ್ ಓಡಿ ಬಂದು ಹಗ್ಗ ಕೊಯ್ದು ಬಾಗಿಲು ಎಳೆಯಲು ಹೋದ. ಆಗಲೇ ಕಬ್ಬಿಣ ಕಾದಿತ್ತು. ಎರಡೂ ಅಂಗೈ ಬೆಂದವು. ಬಾಗಿಲು ಮುಚ್ಚಲು ಆಗಲಿಲ್ಲ. ಮರುದಿನ ನಾನು ಹೋದಾಗ ಅವನು ಬಾಳೆ ಎಲೆಯ ಮೇಲೆ ಕೈ ಚಾಚಿಕೊಂಡು ಗೇಟಿನ ಹತ್ತಿರ ಕೂತಿದ್ದ. ಪಾಲಿಸಿಯಲ್ಲಿ ಕಟ್ಟಡ ಇತ್ತು, ಹತ್ತಿ ಇತ್ತು. ಅವನು ಇರಲಿಲ್ಲ.

ಬ್ರೇಡ್‌ವುಡ್ ಬಂದಾಗ ಬೆಂಕಿ ಆಗಲೇ ಬೆಳೆದಿತ್ತು. ನದಿಯಲ್ಲಿ ನೀರು ಇಳಿದ ಸಮಯ. ತೇಲುವ ಪಂಪುಗಳು ಹತ್ತಿರ ಬರಲು ಆಗಲಿಲ್ಲ. ಬೀದಿಯ ಕೊಳವೆಯಲ್ಲೂ ಬೇಗ ನೀರು ಸಿಗಲಿಲ್ಲ. ಕರಗಿದ ಕೊಬ್ಬು ಉರಿಯುತ್ತಲೇ ಥೇಮ್ಸ್‌ಗೆ ಹರಿಯಿತು. ನೀರಿನ ಮೇಲೂ ಬೆಂಕಿ. ಬಡವರು ಸಣ್ಣ ದೋಣಿಗಳಲ್ಲಿ ಹೋಗಿ ತೇಲುವ ಕೊಬ್ಬನ್ನು ಬಾಚಿಕೊಳ್ಳುತ್ತಿದ್ದರಂತೆ. ಅದಕ್ಕೂ ಕೆಲವರು ಜೀವ ಕಳೆದುಕೊಂಡರು. ಲಂಡನ್ ಬ್ರಿಜ್ ಮೇಲೆ ಸಾವಿರಾರು ಜನ ನಿಂತು ನೋಡುತ್ತಿದ್ದರು.

ದಳದವನೊಬ್ಬನ ಕೈಗೆ ಗಾಯ ಆಗಿತ್ತು. ಬ್ರೇಡ್‌ವುಡ್ ತಮ್ಮ ಕುತ್ತಿಗೆಯ ರೇಷ್ಮೆ ವಸ್ತ್ರ ಬಿಚ್ಚಿ ಅವನ ಕೈಗೆ ಕಟ್ಟಿದರು. ಆಮೇಲೆ ದಣಿದವರಿಗೆ ಬ್ರಾಂದಿ ಹಂಚುತ್ತಾ ಹೋದರು. ಏಳೂವರೆ ಹೊತ್ತಿಗೆ ಗೋದಾಮಿನ ಗೋಡೆ ಪೂರ್ತಿ ಹೊರಗೆ ಬಿತ್ತು. ಬ್ರೇಡ್‌ವುಡ್ ಮತ್ತು ದಳದ ಪೀಟರ್ ಸ್ಕಾಟ್ ಅದರ ಅಡಿಯಲ್ಲಿ ಹೋದರು. ಆ ಇಟ್ಟಿಗೆ ರಾಶಿಯಿಂದ ದೇಹ ಹೊರತೆಗೆಯಲು ದಿನಗಳೇ ಬೇಕಾದವು. ಬೆಂಕಿ ಎರಡು ವಾರ ಉರಿಯಿತು.

ಮೊಮ್ಮಗನಿಗೆ ಇಷ್ಟನ್ನೂ ಹೇಳಿದೆ. ಅವನಿಗೆ ಏಳು ವರ್ಷ. "ಅಜ್ಜಾ, ಬಾಗಿಲು ಯಾಕೆ ಹಾಕಲಿಲ್ಲ?" ಅಂದ. "ಸರಕು ಸಾಗಿಸೋಕೆ ಅಡ್ಡ ಆಗುತ್ತೆ ಅಂತ ಪುಟ್ಟಾ" ಅಂದೆ. ಅವನಿಗೆ ಅದು ಸರಿ ಅನ್ನಿಸಲಿಲ್ಲ.

ಟೂಲಿ ಸ್ಟ್ರೀಟ್‌ನ ಗೋಡೆಯೊಂದರಲ್ಲಿ ಬ್ರೇಡ್‌ವುಡ್‌ರ ನೆನಪಿನ ಕಲ್ಲು ಇದೆ. ಬರುವ ಹೋಗುವ ನೂರಾರು ಜನರಲ್ಲಿ ತಲೆ ಎತ್ತಿ ನೋಡಿದವರನ್ನು ನಾನು ಕಾಣಲಿಲ್ಲ. ಕಲ್ಲಿನಲ್ಲಿ ಉರಿಯುವ ಕಟ್ಟಡ, ಪಂಪು, ಹೊಗೆ ಕೆತ್ತಿದ್ದಾರೆ. ಅದನ್ನು ಹಾಕಿಸಿದವರು ಸದರ್ಕ್ ಭಾಗದ ಪೊಲೀಸರು. ಕೂಡಿ ಕೆಲಸ ಮಾಡಿದವರು ಕೈಯಿಂದ ಹಣ ಹಾಕಿ ನಿಲ್ಲಿಸಿದ ಕಲ್ಲು. ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಮಗಳು ಏನೂ ಅನ್ನಲಿಲ್ಲ, ಪಕ್ಕದಲ್ಲಿ ಬಂದು ನಿಂತಳು.

ಸೋಮವಾರ, ಜೂನ್ 24

ಕ್ಲರ್ಕೆನ್‌ವೆಲ್‌ನ ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್‌ಗೆ (ಈಗ ಅದರ ಹೆಸರು ದಿ ಲಂಡನ್ ಆರ್ಕೈವ್ಸ್) ಒಬ್ಬನೇ ಹೋದೆ. ಲಂಡನ್ನಿನ ಹಳೆಯ ದಾಖಲೆಗಳ ಮನೆ. ಗುರುತಿನ ಚೀಟಿ ತೋರಿಸಿ ಕಾರ್ಡ್ ಮಾಡಿಸಿಕೊಂಡರೆ ಯಾರು ಬೇಕಾದರೂ ಓದಬಹುದು, ದುಡ್ಡಿಲ್ಲ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಸನ್ ಫೈರ್ ಆಫೀಸಿನ 1710ರಿಂದ ಮುಂದಿನ ಪಾಲಿಸಿ ರಿಜಿಸ್ಟರುಗಳು ಇಲ್ಲಿವೆ. ನಾನು ನೋಡಿದ್ದು ಅವುಗಳ ಫೋಟೋ ತೆಗೆದಿಟ್ಟ ಫಿಲ್ಮ್. ಹಿಡಿಕೆ ತಿರುಗಿಸಿದಂತೆ ಪುಟಗಳು ಸರಿಯುತ್ತವೆ. ಓದಲು ಕುಳಿತವನು ಮೂರು ಗಂಟೆ ಏಳಲಿಲ್ಲ. ಯಾಕೆಂದರೆ ಅದು ನನ್ನದೇ ಟೇಬಲ್ಲಿನ ಕಾಗದದ ಹಾಗಿತ್ತು! ಹೆಸರು, ಕಸುಬು, ವಿಳಾಸ. ಇಟ್ಟಿಗೆಯ ಮನೆಯೋ, ಮರದ್ದೋ. ಮನೆಯ ಸಾಮಾನಿಗೆ ಇಷ್ಟು, ಉಡುವ ಬಟ್ಟೆಗೆ ಇಷ್ಟು, ಬೆಳ್ಳಿ ಪಾತ್ರೆಗೆ ಇಷ್ಟು, ಅಂಗಡಿಯ ಸರಕಿಗೆ ಇಷ್ಟು. ಬ್ರೆಡ್ ಸುಡುವವರು, ಮೇಣದ ಬತ್ತಿ ಮಾಡುವವರು, ಬಡಗಿಗಳು, ಗಂಡ ತೀರಿಕೊಂಡ ಹೆಂಗಸರು. ಚರಿತ್ರೆಯ ಪುಸ್ತಕದಲ್ಲಿ ಇವರ್ಯಾರೂ ಸಿಗುವುದಿಲ್ಲ. ವಿಮೆಯ ರಿಜಿಸ್ಟರಿನಲ್ಲಿ ಅವರ ಹಾಸಿಗೆ, ಬಟ್ಟೆ ಸಮೇತ ಸಿಗುತ್ತಾರೆ. ನಮ್ಮ ಕೆಲಸದ ಬಗ್ಗೆ ನನಗೆ ಇಷ್ಟು ಅಭಿಮಾನ ಯಾವತ್ತೂ ಬಂದಿರಲಿಲ್ಲ.

ಒಂದು ಲೆಕ್ಕ ಮಾತ್ರ ಇಲ್ಲಿ ಹೇಳುತ್ತೇನೆ. ವಿಮೆಯ ಮೇಲೆ ಸರ್ಕಾರದ ತೆರಿಗೆ ಇತ್ತು. 1815ರಿಂದ ಅದು ನೂರು ಪೌಂಡ್ ವಿಮೆಗೆ 3 ಶಿಲ್ಲಿಂಗ್. ಒಂದು ಸಾಧಾರಣ ಇಟ್ಟಿಗೆ ಮನೆಯ ಪ್ರೀಮಿಯಂ ನೂರು ಪೌಂಡಿಗೆ 1 ಶಿಲ್ಲಿಂಗ್ 6 ಪೆನ್ಸ್, ಅಂದರೆ ಒಂದೂವರೆ ಶಿಲ್ಲಿಂಗ್. ಅಂದರೆ ಪ್ರೀಮಿಯಂಗಿಂತ ತೆರಿಗೆ ಎರಡು ಪಟ್ಟು! ನಾವು ಬೆಂಕಿ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಗೇ ಗೊಣಗುತ್ತೇವೆ. ಈ ತೆರಿಗೆ ಪೂರ್ತಿ ಹೋಗಿದ್ದು 1869ರಲ್ಲಿ. ಅಲ್ಲಿಯವರೆಗೆ ಎಷ್ಟೋ ಬಡವರು ವಿಮೆಯ ಹತ್ತಿರ ಸುಳಿಯದೇ ಇದ್ದಿರಬೇಕು.

ಗೋಡ್ ಎಂಬುವರ ಕಂಪನಿ 1880ರ ದಶಕದಲ್ಲಿ ಮಾಡಿದ ವಿಮಾ ನಕ್ಷೆಗಳ ಪ್ರತಿಯನ್ನೂ ನೋಡಿದೆ. ಇಟ್ಟಿಗೆ ಕಟ್ಟಡಕ್ಕೆ ಕೆಂಪು ಬಣ್ಣ, ಮರದ್ದಕ್ಕೆ ಹಳದಿ. ಗೋಡೆಯಲ್ಲಿ ಎಲ್ಲಿ ಬಾಗಿಲಿದೆ, ಎಲ್ಲಿ ಕಿಟಕಿ ಇದೆ ಅನ್ನುವುದೂ ನಕ್ಷೆಯಲ್ಲಿ ಇದೆ. ಆಫೀಸಿನಲ್ಲಿ ಕೂತವನು ಜಾಗಕ್ಕೆ ಹೋಗದೆಯೇ ಅಪಾಯ ಅಳೆಯಲು ಇದು ಬೇಕು. ಆದರೆ ಬಾಗಿಲು ಇದೆಯೋ ಇಲ್ಲವೋ ಅಂತ ನಕ್ಷೆ ಹೇಳುತ್ತದೆ, ಹಾಕಿದ್ದಾರೋ ಇಲ್ಲವೋ ಅಂತ ಹೇಳುವುದಿಲ್ಲ. ಅದಕ್ಕೆ ಕಾಲಿಟ್ಟು ಹೋಗಿಯೇ ನೋಡಬೇಕು.

ಬುಧವಾರ, ಜೂನ್ 26

ಧಾರವಾಡದ ಏಪ್ರಿಲ್ ನೆನಪಾಗುವಷ್ಟು ಸೆಕೆ. ನನ್ನವಳು ಕೊಡೆ ಹಿಡಿದುಕೊಂಡು ಬಂದಳು. ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ಕಾರ್ನ್‌ಹಿಲ್ ಬೀದಿಯಲ್ಲಿ ನಡೆದೆವು.

ಟೂಲಿ ಸ್ಟ್ರೀಟ್ ಬೆಂಕಿಯ ನಷ್ಟ ಸುಮಾರು 20 ಲಕ್ಷ ಪೌಂಡ್ ಅಂತ ಅಂದಾಜು. ಕಂಪನಿಗಳು ಬೆಚ್ಚಿಬಿದ್ದವು. ಎಲ್ಲರೂ ಒಟ್ಟಾಗಿ ಗೋದಾಮುಗಳ ದರ ಏರಿಸಿದರು. ಆ ಏರಿಕೆ ವ್ಯಾಪಾರಿಗಳನ್ನು ರೊಚ್ಚಿಗೆಬ್ಬಿಸಿತು. ಬಾಗಿಲು ಸರಿಯಾಗಿ ಹಾಕಿ, ಸರಕು ಬೇರೆ ಬೇರೆ ಇಟ್ಟವನಿಗೂ ದರ ಏರಿತು ಅಂದರೆ ಅವನು ಸಿಟ್ಟಾಗದೆ ಇರುತ್ತಾನಾ? ಸಕ್ಕರೆಯವರು ಫೀನಿಕ್ಸ್ ಮಾಡಿಕೊಂಡ ಹಾಗೆಯೇ ಈ ಸಲವೂ ಆಯಿತು. ಲಂಡನ್ನಿನ ವ್ಯಾಪಾರಿಗಳು ಸೇರಿ ತಮ್ಮದೇ ಕಂಪನಿ ಹುಟ್ಟಿಸಿದರು. ಅದೇ ಕಮರ್ಷಿಯಲ್ ಯೂನಿಯನ್ ಫೈರ್ ಇನ್ಶೂರೆನ್ಸ್ ಕಂಪನಿ. ವರ್ಷ 1861. ಬೆಂಕಿ ಹತ್ತಿದ ವರ್ಷವೇ. ಗೊತ್ತುಮಾಡಿದ ಬಂಡವಾಳ 25 ಲಕ್ಷ ಪೌಂಡ್. ಸ್ವಲ್ಪ ದಿನದಲ್ಲೇ ಜೀವ ವಿಮೆ, ಹಡಗಿನ ವಿಮೆಯನ್ನೂ ಶುರು ಮಾಡಿತು. ಅದರ ಮುಖ್ಯ ಕಚೇರಿ ಬಹುಕಾಲ ಇದ್ದದ್ದು ಈ ಕಾರ್ನ್‌ಹಿಲ್ ಬೀದಿಯಲ್ಲಿ, ರಾಯಲ್ ಎಕ್ಸ್‌ಚೇಂಜ್‌ನ ಎದುರು ಸಾಲಿನಲ್ಲಿ.

ನಾನು ಕೆಲಸ ಕಲಿತದ್ದು ಎಲ್ಲರಿಗೂ ಒಂದೇ ದರ ಪುಸ್ತಕ ಇದ್ದ ಕಾಲದಲ್ಲಿ. ನಮ್ಮಲ್ಲಿ ಆಲ್ ಇಂಡಿಯಾ ಫೈರ್ ಟ್ಯಾರಿಫ್ 2006ರ ಕೊನೆಯವರೆಗೂ ನಡೆಯಿತು. ಅದರಲ್ಲೂ ಒಳ್ಳೆಯ ಗೋಡೆ, ಬೆಂಕಿ ತಡೆಯುವ ಬಾಗಿಲು, ಬೆಂಕಿ ಆರಿಸುವ ಸಲಕರಣೆ ಇದ್ದವನಿಗೆ ಅನುಕೂಲ ಇತ್ತು. ಹಾಗಾಗಿ ಅಂದಿನ ಜಗಳದಲ್ಲಿ ನನಗೆ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ. ಕಂಪನಿಗಳು ತಮ್ಮ ಖರ್ಚಿನಲ್ಲಿ ಇಡೀ ಊರಿನ ಬೆಂಕಿ ಆರಿಸುತ್ತಿದ್ದವು. ವ್ಯಾಪಾರಿಗಳು ಸರಿಯಾದ ದರ ಕೇಳುತ್ತಿದ್ದರು. ಆದರೂ ಒಂದು ಮಾತು ಹೇಳುತ್ತೇನೆ. ದರದ ಬಗ್ಗೆ ಅಷ್ಟು ಬೇಗ ಒಂದಾದವರು ಬಾಗಿಲಿನ ಬಗ್ಗೆ ಮೊದಲೇ ಒಂದಾಗಿದ್ದರೆ ಬ್ರೇಡ್‌ವುಡ್ ಇನ್ನೂ ಹತ್ತು ವರ್ಷ ಇರುತ್ತಿದ್ದರು.

ವಿಮಾ ಕಂಪನಿಗಳೂ ಸೋತಿದ್ದವು. ಈ ದಳ ಇನ್ನು ನಮ್ಮಿಂದ ಆಗುವುದಿಲ್ಲ, ನೀವೇ ನಡೆಸಿ ಅಂತ ಸರ್ಕಾರಕ್ಕೆ ಹೇಳಿದವು. 1865ರಲ್ಲಿ ಕಾನೂನು ಬಂತು. 1866ರ ಜನವರಿ 1ರಿಂದ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್. ಅದರ ಖರ್ಚಿಗೆ ಊರಿನ ತೆರಿಗೆಯಲ್ಲಿ ಪೌಂಡಿಗೆ ಅರ್ಧ ಪೆನ್ನಿ, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್, ಕಂಪನಿಗಳು ವಿಮೆ ಮಾಡಿದ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡ್. ಬೆಂಕಿ ಆರಿಸುವುದು ಊರಿನ ಕೆಲಸ ಅನ್ನುವ ಮಾತು ಲಂಡನ್ನಿಗೆ ಬರಲು ಒಂದು ಜೀವ ಬೇಕಾಯಿತು. ಕಂಪನಿಗಳು ಸಾಲ್ವೇಜ್ ಕೋರ್ ಅಂತ ಸಣ್ಣ ದಳ ಇಟ್ಟುಕೊಂಡವು. ಬೆಂಕಿ, ನೀರು, ಹೊಗೆಯಿಂದ ಸರಕು ಉಳಿಸುವುದು ಅದರ ಕೆಲಸ. ಅದು 1984ರವರೆಗೂ ಇತ್ತು.

ಕಮರ್ಷಿಯಲ್ ಯೂನಿಯನ್ ಬೆಳೆಯುತ್ತಾ ಹೋಯಿತು. 1905ರಲ್ಲಿ ಮುದುಕ ಹ್ಯಾಂಡ್-ಇನ್-ಹ್ಯಾಂಡ್ ಅದರೊಳಗೆ ಸೇರಿತು. ಆಮೇಲೆ 1998ರಲ್ಲಿ ಜನರಲ್ ಆಕ್ಸಿಡೆಂಟ್ ಜೊತೆ, 2000ದಲ್ಲಿ ನಾರ್ವಿಚ್ ಯೂನಿಯನ್ ಜೊತೆ ಕೂಡಿತು. 2002ರಿಂದ ಹೆಸರು ಅವೀವಾ. ಕಾರ್ನ್‌ಹಿಲ್‌ನಿಂದ ಐದು ನಿಮಿಷ ನಡೆದರೆ ಅಂಡರ್‌ಶಾಫ್ಟ್‌ನಲ್ಲಿ ಅವರು 1969ರಲ್ಲಿ ಕಟ್ಟಿದ ಗೋಪುರ ಇದೆ. 118 ಮೀಟರ್, ಗಾಜು ಮತ್ತು ಕಪ್ಪು ಉಕ್ಕು. ನಡುವೆ ಕಾಂಕ್ರೀಟ್ ಕಂಬದಂಥ ಗೋಡೆ, ಮಹಡಿಗಳು ಮೇಲಿನಿಂದ ತೂಗಿಬಿದ್ದಿವೆ. 1992ರ ಬಾಂಬ್ ಸ್ಫೋಟದಲ್ಲಿ ಅದರ ಗಾಜೆಲ್ಲ ಹೋಗಿ ಮತ್ತೆ ಹಾಕಿಸಿದರು. ನನ್ನವಳಿಗೆ ಇದು ಹಿಡಿಸಲಿಲ್ಲ, ನನಗೂ ಅಷ್ಟಕ್ಕಷ್ಟೆ. ನೆರಳಿತ್ತು, ಸ್ವಲ್ಪ ಹೊತ್ತು ಕೂತೆವು.

ನಮ್ಮ ದೇಶದಲ್ಲೂ ಬ್ರಿಟಿಷ್ ಕಂಪನಿಗಳ ಶಾಖೆಗಳು ಬಹಳ ಇದ್ದವು. 1973ರ ಜನವರಿ 1ಕ್ಕೆ ದೇಶಿ, ವಿದೇಶಿ ಎಲ್ಲ ಸೇರಿ 107 ವಿಮಾದಾರರನ್ನು ನಾಲ್ಕು ಸರ್ಕಾರಿ ಕಂಪನಿಗಳಾಗಿ ಕೂಡಿಸಿದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯ ಸಾಹೇಬರು ಅಂಥದೊಂದು ವಿದೇಶಿ ಕಂಪನಿಯಿಂದ ಬಂದವರು. ಗೋದಾಮಿಗೆ ಹೋದರೆ ಮೊದಲು ಬಾಗಿಲನ್ನು ಎಳೆದು ಹಾಕಿ ನೋಡು, ಕೀಲಿಗೆ ತುಕ್ಕು ಹಿಡಿದಿದ್ದರೆ ಆ ಬಾಗಿಲು ಇಲ್ಲ ಅಂತಲೇ ಬರಿ ಅನ್ನುತ್ತಿದ್ದರು. ಈ ಬುದ್ಧಿ ಅವರಿಗೆ ಯಾರಿಂದ ಬಂದಿತ್ತೋ, ಅವರಿಗೆ ಹೇಳಿದವರಿಗೆ ಯಾರು ಹೇಳಿದ್ದರೋ.

ಇನ್ನೊಂದು ಮಾತೂ ನೆನಪಾಯಿತು. 1861 ಅಂದರೆ ಅಮೆರಿಕದಲ್ಲಿ ಯುದ್ಧ ಶುರುವಾದ ವರ್ಷ. ಅಲ್ಲಿಂದ ಹತ್ತಿ ಬರುವುದು ನಿಂತು, ಮುಂದಿನ ಕೆಲವು ವರ್ಷ ಇಂಗ್ಲೆಂಡಿನ ಗಿರಣಿಗಳು ಹಿಂದುಸ್ತಾನದ ಹತ್ತಿಗೆ ಮುಗಿಬಿದ್ದವು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿತ್ತು. ನಮ್ಮ ಹತ್ತಿಗೆ ಹೊರಗಿನ ಪೇಟೆಯಲ್ಲಿ 'ಕುಮಟಾ' ಅನ್ನುವ ಹೆಸರೇ ಬಿದ್ದಿತ್ತು. ನನ್ನ ಅಜ್ಜನ ಅಜ್ಜ ಬೆಳೆದ ಹತ್ತಿಯೂ ಯಾವುದೋ ಗೋದಾಮಿನ ಕಬ್ಬಿಣದ ಬಾಗಿಲು ದಾಟಿ ಹೋಗಿರಬೇಕು.

ಶನಿವಾರ, ಜೂನ್ 29

1861ರಲ್ಲೂ ಜೂನ್ 29 ಶನಿವಾರ. ಅಂದು ಬ್ರೇಡ್‌ವುಡ್‌ರ ಶವಯಾತ್ರೆ. ಒಂದೂವರೆ ಮೈಲಿ ಉದ್ದದ ಮೆರವಣಿಗೆ, ದಾರಿಯುದ್ದಕ್ಕೂ ಅಂಗಡಿ ಬಾಗಿಲು ಮುಚ್ಚಿದ್ದವು. ಊರಿನ ಚರ್ಚುಗಳ ಗಂಟೆಗಳು ಒಂದೊಂದಾಗಿ ಬಡಿದವು. ಅವರ ಅಂಗಿಯ ಗುಂಡಿಗಳನ್ನು ಬಿಚ್ಚಿ ದಳದವರಿಗೆ ಹಂಚಿದರಂತೆ. ಸಾಹೇಬರ ನೆನಪಿಗೆ ಒಬ್ಬೊಬ್ಬನ ಕೈಯಲ್ಲಿ ಒಂದು ಗುಂಡಿ.

ನಾವು ರೈಲು, ಬಸ್ಸು ಹಿಡಿದು ಸ್ಟೋಕ್ ನ್ಯೂಯಿಂಗ್‌ಟನ್‌ಗೆ ಹೋದೆವು. ಅಲ್ಲಿ ಆಬ್ನಿ ಪಾರ್ಕ್ ಎಂಬ ಹಳೆಯ ಸ್ಮಶಾನ. 1840ರಲ್ಲಿ ಶುರುವಾದದ್ದು, ಈಗ ಕಾಡಿನ ಹಾಗೆ ಬೆಳೆದಿದೆ. ಕಲ್ಲುಗಳ ಮೇಲೆ ಬಳ್ಳಿ, ಪಾಚಿ. ಒಂದು ಗಂಟೆ ಹುಡುಕಿದೆವು. ಮೊಮ್ಮಗನಿಗೆ ಹೆಸರಿನ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಅವನು ಕಲ್ಲಿನಿಂದ ಕಲ್ಲಿಗೆ ಓಡಿ ಹೋಲಿಸಿ ನೋಡುತ್ತಿದ್ದ. ಸಿಕ್ಕಾಗ ಜೋರಾಗಿ ಕೂಗಿದ. ಸ್ಮಶಾನದಲ್ಲಿ ಕೂಗಬಾರದು ಅಂತ ಮಗಳು ಗದರಿದಳು.

ಬ್ರೇಡ್‌ವುಡ್ ಅಲ್ಲಿ ಒಬ್ಬರೇ ಇಲ್ಲ. ಅವರ ಹೆಂಡತಿಯ ಮೊದಲ ಮದುವೆಯ ಮಗನನ್ನೂ ಅಲ್ಲಿಯೇ ಮಣ್ಣು ಮಾಡಿದ್ದಾರೆ. ಅವನೂ ಅದೇ ದಳದಲ್ಲಿ ಇದ್ದ. 1855ರಲ್ಲಿ ಬೆಂಕಿ ಆರಿಸಲು ಹೋಗಿ ಸತ್ತ. ಇದನ್ನು ನಾನು ಟಿಪ್ಪಣಿಯ ಕೊನೆಯಲ್ಲಿ ಸಣ್ಣದಾಗಿ ಬರೆದುಕೊಂಡಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ತಲೆ ತುಂಬ ಬಾಗಿಲು, ದರ, ಗೋಡೆ. ಈಗ ಹೇಳಿದೆ.

ನನ್ನವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

"ಮಗ ಹೋದ. ಆರು ವರ್ಷಕ್ಕ ಗಂಡನೂ ಹಂಗ ಹೋದ. ಆಕಿ ಗತಿ ಏನಾತ್ರೀ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೂಲಿ ಸ್ಟ್ರೀಟಿನ ಸರಕಿನ ಪಟ್ಟಿ ನನಗೆ ಬಾಯಿಪಾಠ ಇತ್ತು. ಆ ಸಂಜೆ ಮನೆಯಲ್ಲಿ ಕಾಯುತ್ತಿದ್ದವಳ ಬಗ್ಗೆ ನಾನು ಒಂದು ಸಾಲನ್ನೂ ಬರೆದುಕೊಂಡಿರಲಿಲ್ಲ.

ಬರುವಾಗ ದಾರಿಯ ಅಂಗಡಿಯಲ್ಲಿ ಬಿಳಿ ಸೇವಂತಿಗೆಯ ಒಂದು ಕಟ್ಟು ತಂದಿದ್ದೆವು. ಅವಳು ಅದರ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಹೂವುಗಳನ್ನು ಎಣಿಸಿ ಎರಡು ಭಾಗ ಮಾಡಿದಳು. ಅರ್ಧ ತಂದೆಯ ಹೆಸರಿನ ಕೆಳಗೆ ಇಟ್ಟಳು. ಉಳಿದ ಅರ್ಧವನ್ನು ಮೊಮ್ಮಗನ ಕೈಗೆ ಕೊಟ್ಟು, "ಇದು ಮಗಂದು. ನೀ ಇಡು" ಅಂದಳು.